ಎಡತೋಳಿಗೆ ಒಂದು ದಿನ ರಜೆ

ಸೋಮವಾರ, ಮಧ್ಯಾಹ್ನ

ಮುನಿಸಿಕೊಂಡು ತವರಿಗೆ ಹೋಗಿರುವ ನನ್ನ ಸೊಸೆಗೆ, ತಪ್ಪು ಮಾಡಿ ಕೂತಿರುವ ಅತ್ತೆಯ ಆಶೀರ್ವಾದಗಳು.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹದಿನೈದು ನಿಮಿಷ ಸುಮ್ಮನೆ ಕೂತಿರಬೇಕಂತೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ನಿನಗೇ ಗೊತ್ತು. ಎಲ್ಲಿ ಕೂತಿದ್ದೇನೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನೀನು ಹೋಗಿ ಒಂಬತ್ತು ದಿನವಾಯಿತು. ನಮ್ಮ ಲಾಂಡ್ರಿಯ ಹೆಂಗಸರು ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ. ನನ್ನ ಮಗ ಅಷ್ಟನ್ನೂ ಆಡುವುದಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋಗುತ್ತಾನೆ ಎಂದರೆ ಅವನ ಕೋಪ ಎಷ್ಟಿರಬೇಕು ನೋಡು.

ನಡೆದದ್ದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಅವತ್ತು ಶುಕ್ರವಾರ ನೀನು ಹೊರಗೆ ಹೋಗಿ ಬಂದವಳೇ ಗಟಗಟನೆ ಎರಡು ಚೊಂಬು ನೀರು ಕುಡಿದೆ. ಒಣಗಿಸುವ ಕೋಣೆಯ ಸೆಕೆಗೆ ಇವತ್ತು ಬೇಡ, ಒದ್ದೆ ಗಂಟು ನಾಳೆ ಎತ್ತುತ್ತೇನೆ, ಇವತ್ತು ಮಡಿಸುವ ಮೇಜಿಗೆ ಕೂರುತ್ತೇನೆ ಎಂದು ಕೇಳಿಕೊಂಡೆ. ಸಂಜೆ ಕಾಲ ಕೆಳಗೆ ದಿಂಬಿಟ್ಟುಕೊಂಡು ಮಲಗಿದೆ. ಊಟಕ್ಕೆ ಸೊಪ್ಪು ಎರಡು ಸಲ ಹಾಕಿಸಿಕೊಂಡೆ.

ಬಟ್ಟೆ ನೋಡಿ ಮನೆಯ ಸಂಗತಿ ಹೇಳುತ್ತೇನೆ ಎಂದು ಜಂಬ ಕೊಚ್ಚುವವಳು ನಾನು. ನಿಮ್ಮ ಮದುವೆಯಾಗಿ ಆರು ವರ್ಷ. ಇನ್ನೇನು ಬೇಕು, ನೀನು ಬಸುರಿ ಎಂದು ತೀರ್ಮಾನ ಮಾಡಿಬಿಟ್ಟೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಹಳೆಯ ಮೆತ್ತನೆಯ ಹಾಸೊಂದನ್ನು ಹರಿದು ಹನ್ನೆರಡು ಪುಟ್ಟ ಬಟ್ಟೆ ಮಾಡಿ, ಅಂಚು ಹೊಲಿದು, ಮಾರನೆಯ ದಿನ ಮೇಜಿನ ಮೇಲೆ ಹರಡಿ ಎಲ್ಲರೆದುರು ಡಂಗುರ ಸಾರಿದೆ.

ನೀನು ಮೆಲ್ಲಗೆ, ಹಾಗೇನಿಲ್ಲ ಅತ್ತೆ, ನಿನ್ನೆ ರಕ್ತ ಕೊಟ್ಟು ಬಂದೆ ಅಷ್ಟೆ, ಎಂದು ಹೇಳಿದೆ. ನಾನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಎಲ್ಲರೆದುರು ಪೆಚ್ಚಾದ ಸಿಟ್ಟಿಗೆ, ಮನೆಗೊಂದು ಮಗು ಕೊಡೋಕಾಗಲಿಲ್ಲ, ಊರಿಗೆಲ್ಲ ರಕ್ತ ಕೊಡ್ತಾಳೆ ಅಂದುಬಿಟ್ಟೆ. ಬರೆಯಲು ಈಗ ಕೈ ಬರುತ್ತಿಲ್ಲ, ಅವತ್ತು ನಾಲಿಗೆ ಹೇಗೆ ಹೊರಳಿತೋ.

ನೀನು ಎಲ್ಲಕ್ಕಿಂತ ಭಾರದ ಗಂಟನ್ನು ರಕ್ತ ಕೊಟ್ಟ ಎಡತೋಳಿಗೇ ಏರಿಸಿಕೊಂಡು ಒಣಗಿಸುವ ಕೋಣೆಗೆ ಹೊರಟೆ. ಬಾಗಿಲು ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಗೋಡೆಗೊರಗಿ ಕುಸಿದೆ. ತೋಳು ಮೊಣಕೈ ಹತ್ತಿರ ನೀಲಿಗಟ್ಟಿತ್ತು. ನಾನು ನೀರು ತಂದರೆ ನೀನು ಪಕ್ಕದವಳ ಕೈಯಿಂದ ಇಸಿದುಕೊಂಡು ಕುಡಿದೆ. ಅದು ನನಗೆ ಸರಿಯಾದ ಶಾಸ್ತಿ.

ನೀನು ಹೋದ ಮೇಲೆ, ನಿನ್ನ ಅಂಗಿ ನೆನೆಹಾಕುವ ಮುಂಚೆ ಅಭ್ಯಾಸದಂತೆ ಜೇಬು ತಡಕಿದೆ. ಒಂದು ಚೀಟಿ, ಒಂದು ಕಾರ್ಡು ಸಿಕ್ಕವು. ಚೀಟಿ ಈಗ ನನಗೆ ಬಾಯಿಪಾಠ. ಚೆನ್ನಾಗಿ ನೀರು ಕುಡಿಯಬೇಕು, ಪಟ್ಟಿಯನ್ನು ಕೂಡಲೇ ಬಿಚ್ಚಬಾರದು, ಆ ಕೈಯಲ್ಲಿ ಅವತ್ತು ಭಾರ ಎತ್ತಬಾರದು, ಸೆಕೆಯಲ್ಲಿ ನಿಲ್ಲಬಾರದು, ತಲೆ ಸುತ್ತಿದರೆ ಕಾಲು ಎತ್ತರಕ್ಕಿಟ್ಟು ಮಲಗಬೇಕು. ನೀನು ನನ್ನನ್ನು ಕೇಳಿದ್ದು ಇಷ್ಟೇ, ಎಡತೋಳಿಗೆ ಒಂದು ದಿನ ರಜೆ.

ಕಾರ್ಡಿನಲ್ಲಿ ಹನ್ನೊಂದು ಮುದ್ರೆಗಳಿದ್ದವು. ಹನ್ನೊಂದು ಸಲ! ಆಗಾಗ ಒಂದೊಂದು ದಿನ ಏನೋ ನೆಪ ಹೇಳಿ ನೀನು ಮಡಿಸುವ ಮೇಜಿಗೆ ಬರುತ್ತಿದ್ದದ್ದು ಈಗ ನೆನಪಾಗುತ್ತಿದೆ. ಮೈಗಳ್ಳಿ ಎಂದು ನಾನು ಗೊಣಗಿದ್ದೂ ನೆನಪಾಗುತ್ತಿದೆ. ಸುಸ್ತು ಎಂದು ನೀನು ಒಮ್ಮೆಯೂ ಅನ್ನಲಿಲ್ಲ, ದೊಡ್ಡ ಕೆಲಸ ಮಾಡಿದೆ ಎಂದು ಮೆರೆಯಲೂ ಇಲ್ಲ. ನಾನಾಗಿದ್ದರೆ ಆ ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ.

ಮೂವತ್ತು ವರ್ಷದಿಂದ ಆಸ್ಪತ್ರೆಯ ಹಾಸು ಒಗೆಯುತ್ತಿದ್ದೇನೆ. ನನಗೆ ರಕ್ತವೆಂದರೆ ಕಲೆ, ಬಿಸಿನೀರು ತಾಕಿಸದೆ ತಣ್ಣೀರಲ್ಲಿ ನೆನೆಸಿ ತೆಗೆಯಬೇಕಾದ ಕೊಳೆ. ಆ ಹಾಸಿನ ಮೇಲೆ ಮಲಗಿದ್ದವರಿಗೆ ರಕ್ತ ಎಲ್ಲಿಂದಲೋ ಬರಬೇಕಲ್ಲ, ಅದಕ್ಕೆ ಯಾರೋ ತೋಳು ಚಾಚಬೇಕಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ನನ್ನ ಮನೆಯವಳೇ ಚಾಚುತ್ತಿದ್ದಳು. ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆ ಕಣೇ. ಇದನ್ನು ಎದುರಿಗೆ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಆ ಹನ್ನೆರಡು ಬಟ್ಟೆಗಳನ್ನು ಹೆರಿಗೆ ವಾರ್ಡಿನ ಹಾಸುಗಳ ಜೊತೆ ಕಳಿಸಿಬಿಟ್ಟೆ. ಮಗುವಿನ ಮಾತು ಇನ್ನು ನಿಮ್ಮಿಬ್ಬರದು, ನನ್ನದಲ್ಲ. ಹೆಂಗಸರೆದುರು ತಪ್ಪಾಯಿತು ಎಂದು ಶನಿವಾರ ಹೇಳಿದೆ. ಅವರು, ಅದನ್ನು ಅವಳೆದುರು ಹೇಳಿ ಎಂದು ಕೆಲಸಕ್ಕೆ ಬಗ್ಗಿದರು. ಸರಿಯಾಗೇ ಹೇಳಿದರು.

ತೋಳಿನ ನೀಲಿ ಇಳಿಯಿತೆ? ಭಾರ ಎತ್ತಬೇಡ. ನಿನ್ನ ಅಮ್ಮನ ಹತ್ತಿರ ನನ್ನನ್ನು ಎಷ್ಟು ಬೇಕಾದರೂ ಬೈದುಕೋ, ಹೊಟ್ಟೆ ತುಂಬ ಉಣ್ಣು. ಬೈದು ಮುಗಿದ ಮೇಲೆ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಬಾ.

ನಿನ್ನ ದಾರಿ ನೋಡುತ್ತಿರುವ
ಅತ್ತೆ

ತಾ.ಕ.: ನಾನು ಕೂತಿರುವುದು ರಕ್ತ ತೆಗೆಯುವ ಕೋಣೆಯಲ್ಲಿ, ಕಾರ್ಡಿನ ಮೇಲಿದ್ದ ವಿಳಾಸ ಹಿಡಿದು ಬಂದೆ. ಐವತ್ತಾರಾದವರೂ ಕೊಡಬಹುದಂತೆ. ಎಡತೋಳಿಗೆ ಪಟ್ಟಿ ಸುತ್ತಿದ್ದಾರೆ. ಸೂಜಿ ಕಂಡು ಕಣ್ಣು ಮುಚ್ಚಿಕೊಂಡೆ, ನೀನು ಹನ್ನೊಂದು ಸಲ ಹೇಗೆ ತಡೆದುಕೊಂಡೆಯೋ. ನಾಲ್ಕು ತಿಂಗಳಾದ ಮೇಲೆ ಮತ್ತೆ ಬರಬಹುದು ಎಂದಳು ನರ್ಸು. ಇಬ್ಬರು ಬರುತ್ತೇವೆ ಎಂದು ಹೇಳಿಬಿಟ್ಟಿದ್ದೇನೆ. ಈ ಸಲವೂ ನಿನ್ನನ್ನು ಕೇಳದೆ ಹೇಳಿದೆ, ನೀನು ಬೇಡ ಅಂದರೆ ಒಬ್ಬಳೇ ಬರುತ್ತೇನೆ. ಬಂದರೆ, ಅವತ್ತು ಅತ್ತೆ ಸೊಸೆ ಮಡಿಸುವ ಮೇಜಿಗೆ ಕೂರೋಣ. ಒದ್ದೆ ಗಂಟು ನನ್ನ ಮಗ ಹೊರಲಿ.