ಪೆಟ್ಟಿಗೆಯೊಳಗಿನ ಕುಂಕುಮ

ಮದ್ದೂರು
೧೨ ಅಕ್ಟೋಬರ್ ೨೦೨೫

ಪ್ರೀತಿಯ ಅಮೃತ,

ಹಲಗೂರಲ್ಲಿ ಎಲ್ಲರೂ ಸೌಖ್ಯ ತಾನೆ? ನಿಮ್ಮಮ್ಮನ ಮಂಡಿನೋವು ಹೇಗಿದೆ? ನಿನ್ನ ಮೆಸೇಜಿಗೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಬೇಜಾರು ಮಾಡ್ಕೋಬೇಡ. ಫೋನಲ್ಲಾದ್ರೆ ಬೈದುಬಿಡ್ತೀನಿ. ಕಾಗದದಲ್ಲಿ ಬೈಗುಳಕ್ಕೂ ಸ್ವಲ್ಪ ಮರ್ಯಾದೆ ಇರುತ್ತೆ.

ನೀನು ಹಬ್ಬಕ್ಕೆ ಊರಿಗೆ ಹೋಗಿದ್ದೆಯಲ್ಲ, ಲ್ಯಾಬಿನ ಆಯುಧಪೂಜೆ ಹೇಗಾಯ್ತು ಅಂತ ಪುಟ್ಟಸ್ವಾಮಿ ಸರ್ ನಿನಗೆ ಹೇಳಿರ್ತಾರೆ. ನಮ್ಮಿಬ್ಬರ ಪಿಎಚ್‌ಡಿ ಗೈಡಲ್ವಾ, ದಾರಿ ತೋರಿಸಿರ್ತಾರೆ. ಈಗ ನನ್ನ ಬಾಯಲ್ಲಿ ಕೇಳು.

ಕಾಲೇಜಿನ ಆಡಳಿತ ಮಂಡಳಿಯವರು ಬಂದಿದ್ರು. ಸರ್ ರೇಷ್ಮೆ ಪಂಚೆ ಉಟ್ಟು ಮದುವೆ ಗಂಡಿನ ಥರ ನಿಂತಿದ್ರು. "ಬೆಳಕು ಬಿದ್ದಾಗ ಎಲೆಕ್ಟ್ರಾನ್ ಇಸ್ಕೊಳ್ಳೋ ಅಣು ಇದು, ನಾನೇ ಡಿಸೈನ್ ಮಾಡಿದ್ದು" ಅಂದ್ರು. ಬಿಸಿಲಿಗೆ ಅದು ಗಂಟುಕಟ್ಟದೆ ಇರಲಿ ಅಂತ ಅದರ ಪಕ್ಕಕ್ಕೆ ಅಂಟಿದ ಇಂಗಾಲದ ಸರಪಳಿಗೆ ಕವಲು ಕೊಟ್ಟದ್ದು ನಾವಿಬ್ಬರು. ರೈಲು ಹನಕೆರೆ ದಾಟೋಷ್ಟರಲ್ಲಿ ನಾನು ಗೀಚಿದ್ದು, ಲ್ಯಾಬಲ್ಲಿ ನೀನು ಲೆಕ್ಕ ಹಾಕಿ ಒಪ್ಪಿದ್ದು. ಕವಲು ಎಲ್ಲಿದೆ ಅಂತ ಆ ಮಹಾನುಭಾವರನ್ನ ಕೇಳು, ಸೀಲಿಂಗ್ ನೋಡ್ತಾರೆ.

ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಗೆ ಪ್ರತಿ ವರ್ಷದ ಹಾಗೆ ಹೊರಗಡೆ ಮಾವಿನೆಲೆ ಕಟ್ಟಿದ್ದೆ. ಸರ್‌ಗೆ ಅದು ಸಾಲಲಿಲ್ಲ. ಒಳಗಿರೋ, ಆ ಅಣುವಿಂದ ಮಾಡಿದ ಸೋಲಾರ್ ಸೆಲ್‌ಗೇ ಕುಂಕುಮ ಮುಟ್ಟಬೇಕಂತೆ. "ಬೇಡಿ ಸರ್, ಗಾಳಿ ಹೊಕ್ಕರೆ ಎಲ್ಲ ಹಾಳಾಗುತ್ತೆ, ಸೋಮವಾರ ಟೆಸ್ಟಿಂಗ್ ಇದೆ" ಅಂದೆ. ಬಂದೋರೆಲ್ಲ ತಿರುಗಿ ನೋಡಿದ್ರು. ಸರ್ ನಕ್ಕು, "ನಿಂಗೆ ಪೂಜೆ ಪುನಸ್ಕಾರ ಗೊತ್ತಾಗಕ್ಕಿಲ್ಲ ಬುಡಮ್ಮ, ಅತ್ಲಾಗ್ ನಿಂತ್ಕೊ" ಅಂದ್ರು. ಗಾಳಿ ಹೋಗದ ಹಾಗೆ ಪೆಟ್ಟಿಗೆಗೇ ಜೋಡಿಸಿದ್ದ ಕೈಗವಸು ಕಿತ್ತು ಭುಜದವರೆಗೂ ಬರಿಗೈ ಒಳಗೆ ತೂರಿಸಿದ್ರು. ಹಿಂದೆಯೇ ಊದುಬತ್ತಿ. ಜೀವಮಾನವೆಲ್ಲ ಕೆಮಿಸ್ಟ್ರಿ ಪಾಠ ಹೇಳಿದ ಮನುಷ್ಯ ಕಣೆ. ಓದೋದು ಕಾಶಿಖಂಡ, ತಿನ್ನೋದು ಮಸಿಕೆಂಡ.

ಸೋಮವಾರ ನೋಡಿದ್ರೆ ಸೆಲ್‌ಗಳು ಸತ್ತಿದ್ವು. "ಅಣುವಿನ ಡಿಸೈನೇ ಸರಿಯಿಲ್ಲ, ಶಬ್ರೀನ್" ಅಂದ್ರು ಸರ್. ಪೂಜೆಯ ಬುಧವಾರ ಅವರದಾಗಿದ್ದ ಅಣು ಸೋಮವಾರ ನನ್ನದಾಯ್ತು. ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತೆ. ಅಷ್ಟರೊಳಗೆ ಆ ಅಣುವನ್ನ ಮತ್ತೆ ಕಟ್ಟಿ, ಸೆಲ್ ಮಾಡಿ, ಥೀಸಿಸ್ ಬರೆಯೋದು ಆಗದ ಮಾತು. ನಾಳೆಯಿಂದ ನಾನು ಮಂಡ್ಯದ ರೈಲು ಹತ್ತಲ್ಲ. ಅಂಥವರ ಕೈಕೆಳಗೆ ಡಾಕ್ಟರಾಗೋ ಬದಲು ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ.

ನಮ್ಮಮ್ಮಿ ನಿನಗೆ ದುವಾ ಹೇಳಿದ್ದಾರೆ. ನಿನ್ನ ಕೆಲಸವಾದ್ರೂ ಚೆನ್ನಾಗಿ ಮುಗೀಲಿ, ದೇವರು ನಿನಗೆ ಒಳ್ಳೇದು ಮಾಡ್ಲಿ.

ನಿನ್ನ
ಶಬ್ರೀನ್

ಮ.ವಿ.: ಪೂಜೆ ದಿನ ಸರ್ ಅಂದದ್ದು ನನಗೆ ತಾಗಲಿಲ್ಲ, ಅಂಥವರ ಮಾತನ್ನ ಯಾರು ತಲೆಗೆ ಹಾಕ್ಕೋತಾರೆ. ಅವತ್ತು ಸಂಜೆ ಅಳ್ತಾ ಮೊದಲು ಫೋನ್ ಮಾಡಿದ್ದು ನಿನಗೆ. ಪೂರ್ತಿ ಕೇಳೋಕೂ ಮುಂಚೆ ನೀನಂದೆ, "ವರ್ಷಕ್ಕೊಂದು ದಿನ ನಮ್ಮೋರ ಪೂಜೆ ಕಣೆ, ನೀನು ಸುಮ್ಕಿರಬಾರ್ದಿತ್ತಾ?" ಆ ಮಾವಿನೆಲೆ ಕಟ್ಟಿದ್ದು ನಾನು, ಅಮೃತ. ನೀನು ಆ ಮಾತು ಆಡೋವರೆಗೂ ಅದು ನನ್ನ ಪೂಜೇನೂ ಆಗಿತ್ತು.