ಕೋಳಿಗೆ ಬಿದ್ದ ತುಳಸಿ

ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆಯಿಂದ ಮತ್ತೆ ಅದೇ ನಾತ. ಮೀನು ಕೊಳೆಸಿ ಹಿಂಡಿದ ನೀರು — ಅದಕ್ಕೆ ಸಾಸ್ ಅಂತ ಹೆಸರು. ಮೈದುನ ಮಾಂತೇಶ ಹೆಂಡತಿಗೆಂದು ಆನ್‌ಲೈನ್‌ನಲ್ಲಿ ತರಿಸಿದ್ದು. ಬ್ಯಾಂಕಾಕಿನ ಅಕ್ಕಿ ಕಂಪನಿಯಲ್ಲಿ ಆರು ವರ್ಷ ದುಡಿದು ಬರುವಾಗ ಅವಳನ್ನೂ ಕಟ್ಟಿಕೊಂಡು ಬಂದ. ಈಗ ಇಲ್ಲೇ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಮ್ಯಾನೇಜರ್. ಅವನು ಮಿಲ್ಲಿಗೆ, ಅವಳು ನನ್ನ ಅಡುಗೆಮನೆಗೆ. ನಾಲ್ಕು ತಿಂಗಳಾಯಿತು.

ಹೆಸರು ನೊಯ್. ಸಣ್ಣದು ಅಂತ ಅರ್ಥವಂತೆ. ಅತ್ತೆಗೆ ಅಷ್ಟೇ ಸಾಕಾಯಿತು, ಸಣ್ಣವ್ವ ಅಂತ ಕರೆಯತೊಡಗಿದರು. ಹದಿನಾಲ್ಕು ವರ್ಷದಿಂದ ನಾನು ಬರೀ ಲಲಿತಾ.

ಜ್ವರ ಬಿಟ್ಟ ಮೇಲೆ ಅತ್ತೆಗೆ ಬಾಯಿ ರುಚಿ ಇಲ್ಲ. ನಾನು ಶಾಲೆಗೆ ಹೋಗುವ ಮೊದಲು ಮಾಡಿಟ್ಟ ನುಚ್ಚು, ಪುಂಡಿಪಲ್ಯ, ಎಲ್ಲ ಹಾಗೇ ವಾಪಸ್. ಇವತ್ತು ಅವಳು ಕೋಳಿ ಕೊಚ್ಚಿ, ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ ಹಾಕಿ, ಯಾವುದೋ ಸೊಪ್ಪು ಸೇರಿಸಿ ಹುರಿದಳು. ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. "ಬಾಯಿ ತೆರದಂಗಾತು ನೋಡವಾ." ನನಗಲ್ಲ ಹೇಳಿದ್ದು.

ನಾನೂ ತಿಂದೆ. ಚೆನ್ನಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ಅಕ್ಟೋಬರ್ 12, ಬೆಳಿಗ್ಗೆ 10

ಸಿಕ್ಕಿಬಿದ್ದಳು.

ಬಚ್ಚಲ ಕಿಟಕಿಯಿಂದ ಕಣ್ಣಾರೆ ಕಂಡೆ. ತುಳಸಿ ಕಟ್ಟೆಯ ಮುಂದೆ ನಿಂತು ಕೈ ಮುಗಿದಳು. ಪರವಾಗಿಲ್ಲ, ಕಲಿತಿದ್ದಾಳೆ ಅಂದುಕೊಂಡೆ. ಮುಗಿದ ಕೈಯಲ್ಲೇ ಎಲೆ ಕಿತ್ತಳು. ಒಂದೆರಡಲ್ಲ, ಬಟ್ಟಲು ತುಂಬ. ಒಳಗೆ ಬಂದು ತೊಳೆದು ಕೋಳಿಯ ಪಕ್ಕ ಇಟ್ಟಿದ್ದಾಳೆ. ಹೋದ ವಾರದ ಸೊಪ್ಪು ಯಾವುದೆಂದು ಈಗ ಗೊತ್ತಾಯಿತು. ಅತ್ತೆ ದಿನಾ ನೀರು ಹಾಕಿ ಪ್ರದಕ್ಷಿಣೆ ಬರುವ ಗಿಡ!

ಕೂಗಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಈಗ ಕೂಗಿದರೆ ಏನಾಗುತ್ತದೆ? ತಿಳಿಯದ ಕೂಸು ಅಂತ ಅತ್ತೆ ಬುದ್ಧಿ ಹೇಳಿ ಬಿಡುತ್ತಾರೆ. ಮುಂದಿನ ತಿಂಗಳು ಎರಡಕ್ಕೆ ತುಳಸಿ ಲಗ್ನ. ಓಣಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿರುತ್ತಾರೆ. ಅವರ ಮುಂದೆ ಹೇಳಿದರೆ ಅವಳು ಬೇರೆ ಒಲೆ ಹೂಡಿಕೊಂಡು ಹೋಗಲೇಬೇಕು. ಇಪ್ಪತ್ತೊಂದು ದಿನ. ಕಾಯಬಲ್ಲೆ.

ಅದೇ ದಿನ, ಮಧ್ಯಾಹ್ನ

ಹೊಟ್ಟೆ ಸರಿ ಇಲ್ಲ ಅಂದೆ. ಮೊಸರನ್ನ ಉಂಡೆ. ಎದುರಿಗೆ ಕೂತು ಅತ್ತೆ ಬೆರಳು ನೆಕ್ಕುವುದನ್ನು ನೋಡಿದೆ. ಪಾಪ ಹುರಿದವಳದ್ದು, ನನ್ನದಲ್ಲ.

ಅಕ್ಟೋಬರ್ 19

ಈ ಸಲ ಅತ್ತೆಯೇ ಕೇಳಿ ಮಾಡಿಸಿದರು. ನನ್ನ ಹೊಟ್ಟೆ ಮತ್ತೆ ಸರಿ ಇಲ್ಲ. ಡಾಕ್ಟರಿಗೆ ತೋರಿಸು ಅಂದರು ನಮ್ಮವರು.

ತುಳಸಿಯ ಕೆಳಗಿನ ಟೊಂಗೆಗಳು ಬೋಳಾಗಿವೆ. ಬೆಳಿಗ್ಗೆ ನೀರು ಹಾಕುವಾಗ ಅತ್ತೆ, ಯಾವ ಹುಳ ತಿನ್ನುತ್ತಿದೆಯೋ ಎಂದು ಪೇಚಾಡಿಕೊಂಡರು. "ಹೂಂರಿ ಅತ್ತಿ, ಹುಳಾನ ಇರಬೇಕು" ಅಂದೆ. ಅವಳು ಪಕ್ಕದಲ್ಲೇ ಕಸ ಗುಡಿಸುತ್ತಿದ್ದಳು. ನನ್ನ ಮುಖ ನೋಡಿ ನಕ್ಕಳು. ಎಲ್ಲದಕ್ಕೂ ನಗುತ್ತಾಳೆ.

ಅಕ್ಟೋಬರ್ 26

ಕಾರ್ತಿಕ ಅಂತ ಕೋಳಿ ಇಲ್ಲ. ಇನ್ನು ಒಂದೇ ವಾರ.

ನವೆಂಬರ್ 3, ಸೋಮವಾರ

ಶಾಲೆಗೆ ರಜೆ ಹಾಕಿದೆ. ನಿನ್ನೆಯದು ಬರೆಯಬೇಕು.

ಸಂಜೆ ಕಟ್ಟೆಗೆ ಕಬ್ಬು ಕಟ್ಟಿ, ನೆಲ್ಲಿ ಟೊಂಗೆ ನೆಟ್ಟಿದ್ದಾಗಿತ್ತು. ಎದುರು ಮನೆಯ ಮುದಕಮ್ಮ ಗಿಡ ನೋಡಿ, ಯಾಕೆ ಹೀಗೆ ಸೊರಗಿದೆ ಎಂದು ಕೇಳಿದಳು. ಅತ್ತೆ ಹುಳದ ಮಾತು ತೆಗೆದರು. ಇಂಥ ಅವಕಾಶ ಇನ್ನೆಲ್ಲಿ?

"ಹುಳ ಅಲ್ರಿ ಅತ್ತಿ. ನಿಮ್ಮ ಸಣ್ಣವ್ವ ಎಲಿ ಹರದು ಕೋಳಿಗೆ ಹಾಕ್ಯಾಳ. ನೀವು ಉಂಡೀರಿ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೆ ಕೋಳಿ ಅನ್ನುವುದೊಂದೇ ತಿಳಿದಿದ್ದು. ನಕ್ಕಳು. ಮಾಂತೇಶ ಅವಳ ಭಾಷೆಯಲ್ಲಿ ಹೇಳಿದ. ನಗು ನಿಂತಿತು. ಕಟ್ಟೆಯ ಬುಡದಲ್ಲೇ ಕುಸಿದು ಕೂತು ಅಳತೊಡಗಿದಳು. ಅವರ ಊರಿನಲ್ಲಿ ಅದು ಬರೀ ಸೊಪ್ಪಂತೆ. ಅತ್ತೆ ಪ್ರೀತಿಯಿಂದ ಬೆಳೆಸಿದ ಗಿಡ ಅಂತ ಕೈ ಮುಗಿದು ಕೇಳಿಕೊಂಡೇ ಕೀಳುತ್ತಿದ್ದಳಂತೆ.

ಈಗ ಬೈಯುತ್ತಾರೆ ಅಂತ ಕಾದೆ. ಅತ್ತೆ ನನ್ನ ಕಡೆ ತಿರುಗಿದರು.

"ನೀ ಇದನ್ನ ಯಾವತ್ತು ನೋಡ್ದಿ?"

ಹನ್ನೆರಡನೇ ತಾರೀಖು ಅಂದೆ. ಸಾಕ್ಷಿ ಹೇಳುವವಳ ಹಾಗೆ, ಗಟ್ಟಿಯಾಗಿ. ಎಂಥ ಹುಚ್ಚಿ ನಾನು.

"ಅವತ್ತಿಂದ ನಿನ್ನ ಹೊಟ್ಟಿ ಸರಿ ಇರಲಿಲ್ಲ."

ಅತ್ತೆ ಒಂದು ಹೆಜ್ಜೆ ಹತ್ತಿರ ಬಂದರು.

"ಆಕಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು. ಗೊತ್ತಿದ್ದು, ನಾ ಉಣ್ಣೂದು ನೋಡಿಕೊಂತ ಕುಂತಿದ್ದಿ."

ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು. ಮುದಕಮ್ಮ ಹಚ್ಚಿಸಿಕೊಳ್ಳದೆ ಹೋದಳು. ಉಳಿದವರೂ.

ನವೆಂಬರ್ 6

ಬೇರೆ ಒಲೆ ಇಲ್ಲ, ಏನೂ ಇಲ್ಲ. ಇಲ್ಲೇ ಇದ್ದಾಳೆ. ಈಗ ಒಂದೊಂದು ಸೊಪ್ಪನ್ನೂ ಎತ್ತಿ ಹಿಡಿದು ಅತ್ತೆಗೆ ತೋರಿಸುತ್ತಾಳೆ. ಅತ್ತೆ ಹೂಂ ಅಂದರೆ ಮಾತ್ರ ಬಾಣಲೆಗೆ. ಇವತ್ತು ಬದನೆಕಾಯಿಗೆ ಪುದೀನಾ. ಅತ್ತೆ ಉಂಡರು. ಅವಳು ಬಡಿಸಿದ್ದನ್ನು ಕಣ್ಣು ಮುಚ್ಚಿ ಉಣ್ಣುತ್ತಾರೆ.

ನಾನು ಕೊಟ್ಟ ಮಜ್ಜಿಗೆ ಹಾಗೇ ಇತ್ತು.

ನವೆಂಬರ್ 9

ಬೆಳಿಗ್ಗೆ ಬೇಗ ಎದ್ದು ರೊಟ್ಟಿ ಬಡಿದೆ. ಮುಳಗಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆ ಮೊಸರು. ಅತ್ತೆಗೆ ಪ್ರಾಣ. ತಾಟು ಮುಂದಿಟ್ಟೆ. ಎಲ್ಲರೂ ಕೂತಿದ್ದರು.

ಅತ್ತೆ ತಾಟನ್ನು ನನ್ನ ಕಡೆ ಸರಿಸಿದರು. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದರೆ ತಡೆಯುತ್ತಿದ್ದೆ.

"ಮೊದಲ ನೀ ಒಂದು ತುತ್ತು ತಿನ್ನು."

ಹದಿನಾಲ್ಕು ವರ್ಷ ಈ ಕೈಯಿಂದ ಉಂಡವರು. ಜ್ವರದಲ್ಲಿ ಈ ಕೈಯೇ ಗಂಜಿ ಕುಡಿಸಿದ್ದು.

ಮುರಿದೆ. ತಿಂದೆ. ನುಂಗುವವರೆಗೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ತಾಟು ಎಳೆದುಕೊಂಡರು. ಅವಳು, ಆ ನೊಯ್, ತಲೆ ತಗ್ಗಿಸಿ ನನಗೊಂದು ಲೋಟ ನೀರು ಸರಿಸಿದಳು. ಅದನ್ನು ಎತ್ತಿ ಅವಳ ಮುಖಕ್ಕೇ ಎರಚಬೇಕೆನ್ನಿಸಿತು. ಕುಡಿದೆ.

ನವೆಂಬರ್ 10, ಬೆಳಿಗ್ಗೆ 8

ಇವತ್ತೂ ರೊಟ್ಟಿ. ಶಾಲೆಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಬಡಿಸಿಟ್ಟು ಓಡಿಬಿಡೋಣವೆಂದು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ. ಅತ್ತೆ ಆಗಲೇ ಬಂದು ಕೂತಿದ್ದಾರೆ. ತಾಟು ಮುಟ್ಟಿಲ್ಲ. ಕರೆಯುತ್ತಿದ್ದಾರೆ, ಮೊದಲ ತುತ್ತಿಗೆ —