ಫ್ರೆಮಾಳ ಚಿತ್ರದ ಕೂದಲು

ಎಕುವಾ,

ಚರ್ಚಿಗೆ ಹೊರಟಿದ್ದೇನೆ. ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು ಮುಚ್ಚಿಟ್ಟಿದ್ದೇನೆ, ತಿನ್ನು.

ನಿನ್ನ ಅಮ್ಮ ತೀರಿಕೊಂಡು ವರ್ಷವಾದದ್ದಕ್ಕೆ ಚರ್ಚಿನಲ್ಲಿ ನಡೆಯುವ ಪ್ರಾರ್ಥನೆಯ ಹಾಳೆಯಲ್ಲಿ ಅಚ್ಚು ಹಾಕಲು ನೀನು ಬರೆದ ಅವಳ ಕಾರ್ಟೂನನ್ನು ನಾನು ಹೀಗೇ ಕೊಡುವುದಿಲ್ಲ. ನನ್ನ ಮಗಳು ಫ್ರೆಮಾಳ ಕೂದಲು ಎಂದಾದರೂ ಹಾಗೆ ನೀಳವಾಗಿ ಗಾಳಿಗೆ ಹಾರಿತ್ತೇ? ಕೇಳಿದರೆ, “ಕಾರ್ಟೂನ್ ಕಲಿಯೋರ ಪುಸ್ತಕದಲ್ಲಿ ಹಾಗೇ ಇದೆ ಅಜ್ಜಿ, ನಿಂಗೇನ್ ಗೊತ್ತು” ಅಂದೆ! ಮೂವತ್ತು ವರ್ಷ, ಪ್ರತಿ ಶನಿವಾರ, ಆ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಹೆಣೆದವಳು ನಾನು. ದೇವರು ಕೊಟ್ಟ ಗುಂಗುರನ್ನು ತಿದ್ದಲು ಆ ಪುಸ್ತಕಕ್ಕೇನು ಅಧಿಕಾರ?

ಮುಖ ಮುಟ್ಟಬೇಡ. ಆ ಓರೆ ನಗು ಅವಳದೇ. ಕೂದಲನ್ನು ಮಾತ್ರ ಅಳಿಸು.

ಶಾಲೆಯ ಕಟ್ಟಳೆಯೆಂದು ನಿನ್ನ ಕೂದಲನ್ನು ಬುಡಕ್ಕೇ ಕತ್ತರಿಸಿದ್ದಾರೆ, ಕನ್ನಡಿ ನೋಡಿ ಫಲವಿಲ್ಲ. ಸಂಜೆ ಬಂದು ತಲೆವಸ್ತ್ರ ಬಿಚ್ಚಿ ಕೂರುತ್ತೇನೆ. ನೆರೆತಿದೆ, ಆದರೂ ಅವಳಿಗೆ ಬಂದದ್ದು ಇದೇ ಕೂದಲು. ನೋಡಿ ಬರೆ.

ಅಜ್ಜಿ